ಮಾತು ಬಿಟ್ಟ ಯಂತ್ರಗಳು

ಸೋಮವಾರ ಬೆಳಿಗ್ಗೆ ಎಂಟೂವರೆ. ಜಿಗಣಿಯಲ್ಲೋ ಪೀಣ್ಯದಲ್ಲೋ ಇರುವ ಒಂದು ಔಷಧ ಕಾರ್ಖಾನೆಯ ಲ್ಯಾಬು ಎಂದುಕೊಳ್ಳಿ. ಬಿಳಿ ಕೋಟು ತೊಟ್ಟ ಅನಲಿಸ್ಟ್ ಎಚ್‌ಪಿಎಲ್‌ಸಿ ಯಂತ್ರದ ಸ್ವಿಚ್ಚುಗಳನ್ನು ಒಂದೊಂದಾಗಿ ಒತ್ತುತ್ತಾರೆ. ಫ್ಯಾನು ಗುಂಯ್ ಎನ್ನುತ್ತದೆ. ಮಾದರಿ ಹೀರುವ ಸೂಜಿ ಮೇಲೆದ್ದು, ಆಚೀಚೆ ಸರಿದು, ತನ್ನ ಜಾಗ ಸರಿಯಿದೆಯೇ ನೋಡಿಕೊಂಡು ಸುಮ್ಮನಾಗುತ್ತದೆ. ಡಿಟೆಕ್ಟರಿನ ದೀಪ ಹತ್ತುತ್ತದೆ. ಎಲ್ಲವೂ ಎಂದಿನಂತೆಯೇ. ಪಕ್ಕದ ಕಂಪ್ಯೂಟರಿನ ಪರದೆ ಮಾತ್ರ ಕೆಂಪು ಪಟ್ಟಿ ತೋರಿಸುತ್ತಿದೆ: ಉಪಕರಣ ಸಂಪರ್ಕದಲ್ಲಿಲ್ಲ.

ಯಂತ್ರ ಕೆಟ್ಟಿಲ್ಲ. ಕಂಪ್ಯೂಟರೂ ಕೆಟ್ಟಿಲ್ಲ. ಒಂದೇ ಮೇಜಿನ ಮೇಲೆ, ಎರಡಡಿ ದೂರದಲ್ಲಿ, ಮಾತು ಬಿಟ್ಟ ಬೀಗರ ಹಾಗೆ ಕೂತಿವೆ.

ಹಿಂದಿನ ಗುರುವಾರ ಐಟಿ ವಿಭಾಗದವರು ಬಂದು ಹಳೆಯ ಕಂಪ್ಯೂಟರನ್ನು ಎತ್ತಿ ಹೊಸದನ್ನಿಟ್ಟು, ಅದರಲ್ಲಿ ತಂತ್ರಾಂಶದ ಹೊಸ ಆವೃತ್ತಿಯನ್ನು ಹಾಕಿ ಹೋಗಿದ್ದರು. ಹಾಗಾದರೆ ಅದೇ ಕಾರಣ ಎಂದು ಯಾರಾದರೂ ಹೇಳಿಯಾರು. ಆದರೆ ಶುಕ್ರವಾರವಿಡೀ ಇದೇ ಹೊಸ ಕಂಪ್ಯೂಟರು ಇದೇ ಯಂತ್ರದ ಜೊತೆ ಚೆನ್ನಾಗಿ ಕೆಲಸ ಮಾಡಿತ್ತು. ಮಾತ್ರೆ ಕರಗಿಸಿದ ದ್ರಾವಣವನ್ನು ಭಾರಿ ಒತ್ತಡದಲ್ಲಿ ಸಣ್ಣ ಕೊಳವೆಯ ಮೂಲಕ ಹಾಯಿಸಿ, ಅದರಲ್ಲಿರುವ ಒಂದೊಂದು ರಾಸಾಯನಿಕವನ್ನೂ ಬೇರ್ಪಡಿಸಿ ಅಳೆಯುವುದು ಈ ಎಚ್‌ಪಿಎಲ್‌ಸಿಯ ಕೆಲಸ. ಶುಕ್ರವಾರ ಸಂಜೆಯವರೆಗೆ ಅದು ಸಾಲುಸಾಲು ಮಾದರಿಗಳನ್ನು ಅಳೆದು ಅಂಕಿಗಳನ್ನು ಒಪ್ಪಿಸಿತ್ತು. ಶನಿವಾರ, ಭಾನುವಾರ ಲ್ಯಾಬಿಗೆ ಬೀಗ. ಸೋಮವಾರ ಮೌನ.

ಇಂಥ ಸೋಮವಾರಗಳನ್ನು ಕಾಣದ ಲ್ಯಾಬು ಅಪರೂಪ. ಬೆಂಗಳೂರಿನ ಸಂಶೋಧನಾ ಸಂಸ್ಥೆಯಾಗಲಿ, ತಾಲ್ಲೂಕು ಕೇಂದ್ರದ ರಕ್ತಪರೀಕ್ಷಾ ಕೇಂದ್ರವಾಗಲಿ, ತಂತ್ರಾಂಶ ಬದಲಾದ ವಾರ ಯಾವುದಾದರೂ ಒಂದು ಯಂತ್ರ ಮುನಿಸಿಕೊಳ್ಳುತ್ತದೆ. ಸರ್ವಿಸ್ ಇಂಜಿನಿಯರುಗಳಿಗೆ ಅದು ಸುಗ್ಗಿ.

ಇದರ ಮೂಲ ಒಂದು ವಯಸ್ಸಿನ ಲೆಕ್ಕದಲ್ಲಿದೆ. ಒಳ್ಳೆಯ ವಿಶ್ಲೇಷಣಾ ಉಪಕರಣಕ್ಕೆ ಹತ್ತಾರು ಲಕ್ಷ ರೂಪಾಯಿ ಬೆಲೆ. ಚೆನ್ನಾಗಿ ನೋಡಿಕೊಂಡರೆ ಹದಿನೈದು ಇಪ್ಪತ್ತು ವರ್ಷ ದುಡಿಯುತ್ತದೆ. ಅದನ್ನು ಆಳುವ ಕಂಪ್ಯೂಟರಿನ ಆಯುಷ್ಯ ಅಷ್ಟಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ಕ್ಕೆ ನಿಂತಿತು. ವಿಂಡೋಸ್ 7ಕ್ಕೆ 2020ರ ಜನವರಿ 14. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14. ಅಂದರೆ ಒಂದೇ ಯಂತ್ರ ತನ್ನ ಜೀವಮಾನದಲ್ಲಿ ಎರಡು ಮೂರು ಯಜಮಾನರನ್ನು ಕಾಣುತ್ತದೆ. ಪ್ರತಿಯೊಬ್ಬ ಹೊಸ ಯಜಮಾನನಿಗೂ ಹಳೆಯ ಆಳಿನ ಭಾಷೆ ಪೂರ್ತಿ ಗೊತ್ತಿರುವುದಿಲ್ಲ. ವಿಂಡೋಸ್ 11 ಅಂತೂ 64 ಬಿಟ್ ರೂಪದಲ್ಲಿ ಮಾತ್ರ ಬಂತು, ಟಿಪಿಎಂ 2.0 ಎಂಬ ಭದ್ರತಾ ಚಿಪ್ಪಿನ ಸೌಲಭ್ಯ ಬೇಕೇ ಬೇಕು ಎಂದಿತು. ಹಾಗಾಗಿ ಎಷ್ಟೋ ಕಡೆ ಬರೀ ತಂತ್ರಾಂಶ ಬದಲಿಸಿ ಮುಗಿಯಲಿಲ್ಲ, ಕಂಪ್ಯೂಟರನ್ನೇ ಬದಲಿಸಬೇಕಾಯಿತು. ಹೊಸ ಕಂಪ್ಯೂಟರಿನ ಬೆನ್ನು ನೋಡಿದರೆ ಹಳೆಯ ಕೇಬಲ್ಲು ಸಿಕ್ಕಿಸುವ ಕಿಂಡಿಯೇ ಇಲ್ಲ.

ಆ ಕಿಂಡಿಯ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಆರ್‌ಎಸ್-232 ಎಂಬ ಹೆಸರಿನ ಆ ಒಡಂಬಡಿಕೆ ಹುಟ್ಟಿದ್ದು 1960ರಲ್ಲಿ, ಅಮೆರಿಕದಲ್ಲಿ. ಟೆಲಿಪ್ರಿಂಟರುಗಳನ್ನು ದೂರವಾಣಿ ತಂತಿಯ ಮೋಡೆಮ್ಮುಗಳಿಗೆ ಜೋಡಿಸಲು ಮಾಡಿದ ಏರ್ಪಾಡು ಅದು. ಲ್ಯಾಬಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆದರೆ ಅಗ್ಗ, ಸರಳ, ಯಾರು ಬೇಕಾದರೂ ಬೆಸುಗೆ ಹಾಕಿ ಮಾಡಿಕೊಳ್ಳಬಹುದಾದದ್ದು. ಹಾಗಾಗಿ ತೂಕದ ಯಂತ್ರ, ಪಿಎಚ್ ಮೀಟರ್, ಸ್ಪೆಕ್ಟ್ರೋಫೋಟೋಮೀಟರ್, ರಕ್ತ ವಿಶ್ಲೇಷಕ ಎಲ್ಲವೂ ಅದನ್ನೇ ಹಿಡಿದವು. ಒಂಬತ್ತು ಪಿನ್ನುಗಳಲ್ಲಿ ನಿಜಕ್ಕೂ ಬೇಕಾದವು ಮೂರು. ಕಂಪ್ಯೂಟರಿನ ಕಡೆಯಿಂದ ನೋಡಿದರೆ ಎರಡನೆಯದು ಕಿವಿ, ಮೂರನೆಯದು ಬಾಯಿ, ಐದನೆಯದು ಇಬ್ಬರಿಗೂ ಸಮಾನವಾದ ನೆಲ. ತಂತಿಯಲ್ಲಿ ಋಣ ವೋಲ್ಟೇಜು ಬಂದರೆ ಒಂದು, ಧನ ವೋಲ್ಟೇಜು ಬಂದರೆ ಸೊನ್ನೆ. ಇಷ್ಟೇ ಅದರ ವರ್ಣಮಾಲೆ.

ಆದರೆ ವರ್ಣಮಾಲೆ ಗೊತ್ತಿದ್ದ ಮಾತ್ರಕ್ಕೆ ಮಾತು ತಿಳಿಯುವುದಿಲ್ಲ. ಸೆಕೆಂಡಿಗೆ ಎಷ್ಟು ವೇಗದಲ್ಲಿ ಮಾತಾಡಬೇಕು ಎಂಬುದನ್ನು ಇಬ್ಬರೂ ಮೊದಲೇ ಒಪ್ಪಿಕೊಂಡಿರಬೇಕು. ಆ ವೇಗದ ಅಳತೆಗೆ ಬಾಡ್ ಎಂದು ಹೆಸರು, ಫ್ರಾನ್ಸಿನ ತಂತಿ ಇಂಜಿನಿಯರ್ ಎಮಿಲ್ ಬೋಡೊ ನೆನಪಿಗೆ. ಒಂದು ಅಕ್ಷರಕ್ಕೆ ಏಳು ಬಿಟ್ಟೋ ಎಂಟೋ, ತಪ್ಪು ಹಿಡಿಯಲು ಒಂದು ಹೆಚ್ಚುವರಿ ಬಿಟ್ಟು ಇದೆಯೋ ಇಲ್ಲವೋ, ಅಕ್ಷರ ಮುಗಿಯಿತೆಂಬ ಗುರುತು ಒಂದೋ ಎರಡೋ, ಇವೂ ಒಪ್ಪಂದದ ಭಾಗ. ಯಂತ್ರ ಹೊಸದಾಗಿ ಬಂದ ದಿನ ಯಾರೋ ಒಬ್ಬ ಇಂಜಿನಿಯರು ಇದನ್ನೆಲ್ಲ ಹೊಂದಿಸಿ ಚಹಾ ಕುಡಿದು ಹೋಗಿರುತ್ತಾನೆ. ಹತ್ತು ವರ್ಷ ಯಾರೂ ಅದನ್ನು ಮುಟ್ಟಿರುವುದಿಲ್ಲ, ಬರೆದೂ ಇಟ್ಟಿರುವುದಿಲ್ಲ. ಹೊಸ ತಂತ್ರಾಂಶ ಬಂದಾಗ ಅದು ತನ್ನದೇ ರೂಢಿಯಂತೆ 9600 ಬಾಡ್, ಎಂಟು ಬಿಟ್ ಎಂದು ಹೊರಡುತ್ತದೆ. ಹಳೆಯ ತೂಕದ ಯಂತ್ರ ತನ್ನ 1200ರ ವೇಗದಲ್ಲಿ, ಏಳು ಬಿಟ್ಟಿನಲ್ಲಿ ನಿಧಾನವಾಗಿ ಒದರುತ್ತಿರುತ್ತದೆ.

ಆಗ ಪರದೆಯ ಮೇಲೆ ಕಾಣುವುದು ಮೌನವಲ್ಲ, ಕಸ. ಪ್ರಶ್ನಾರ್ಥಕ ಚಿಹ್ನೆ, ಅರ್ಧಚಂದ್ರ, ಗೊತ್ತುಗುರಿಯಿಲ್ಲದ ಲಿಪಿ. ಅನುಭವಿಗಳಿಗೆ ಈ ಕಸ ಕಂಡರೆ ಒಳಗೊಳಗೇ ಖುಷಿ. ಏಕೆಂದರೆ ತಂತಿ ಸರಿಯಿದೆ, ಕರೆಂಟಿದೆ, ಯಂತ್ರಕ್ಕೆ ಜೀವವಿದೆ, ಒಪ್ಪಂದದ ಒಂದು ಅಂಶ ಮಾತ್ರ ತಪ್ಪಿದೆ ಎಂದು ಅದು ಹೇಳಿಕೊಡುತ್ತದೆ.

ಜ್ವರ ಎಂದು ಬಂದವನನ್ನು ಹಳೆಯ ಕಾಲದ ವೈದ್ಯರು ಮೊದಲು ಕೇಳುತ್ತಿದ್ದದ್ದು ಎಂಥ ಜ್ವರ ಎಂದು. ದಿನವೂ ಬರುತ್ತದೆಯೇ, ದಿನ ಬಿಟ್ಟು ದಿನವೇ, ಚಳಿ ಇದೆಯೇ, ಸಂಜೆಗೆ ಏರುತ್ತದೆಯೇ? ಮಾತು ನಿಂತ ಯಂತ್ರದ ಮುಂದೆಯೂ ಮೊದಲ ಪ್ರಶ್ನೆ ಅದೇ: ಎಂಥ ಮೌನ? ಪೂರ್ತಿ ಮೌನವೋ, ತೊದಲೋ, ಒಂದೇ ಕಡೆಯ ಮಾತೋ, ಬಂದು ಹೋಗುವ ಮೌನವೋ?

ಕಂಪ್ಯೂಟರು ಹೇಳಿದ್ದನ್ನು ಯಂತ್ರ ಕೇಳುತ್ತದೆ, ಉತ್ತರ ಮಾತ್ರ ಬರುವುದಿಲ್ಲ ಎಂದಾದರೆ ಒಂದು ದಾರಿಯ ತಂತಿಯ ಮೇಲೆ ಅನುಮಾನ. ಅಥವಾ 'ಈಗ ಕಳಿಸು, ಈಗ ನಿಲ್ಲಿಸು' ಎಂದು ಪರಸ್ಪರ ಸನ್ನೆ ಮಾಡಿಕೊಳ್ಳುವ ಪಿನ್ನುಗಳ ಮೇಲೆ. ಹಳೆಯ ತಂತ್ರಾಂಶ ಆ ಸನ್ನೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ, ಹಾಗಾಗಿ ಮೂರೇ ತಂತಿಯ ಕೇಬಲ್ಲು ಸಾಕಾಗಿತ್ತು. ಹೊಸದು ಶಿಸ್ತಿನದು, ಸನ್ನೆ ಬರುವವರೆಗೆ ಬಾಯಿ ತೆರೆಯುವುದಿಲ್ಲ. ಸನ್ನೆ ತರುವ ತಂತಿಯೇ ಕೇಬಲ್ಲಿನಲ್ಲಿಲ್ಲ. ಮೌನ ದಿನಾ ರಾತ್ರಿ ಮಾತ್ರ ಬರುತ್ತಿದ್ದರೆ ಕೇಬಲ್ಲನ್ನು ಬಿಟ್ಟು ವಿದ್ಯುತ್ ಉಳಿತಾಯದ ಸೆಟ್ಟಿಂಗ್ ನೋಡುವುದು ಜಾಣತನ. ಬಳಕೆಯಲ್ಲಿಲ್ಲದ ಯುಎಸ್‌ಬಿ ಕಿಂಡಿಯನ್ನು ಮಲಗಿಸಿಬಿಡುವ ಅಭ್ಯಾಸ ವಿಂಡೋಸಿಗಿದೆ. ಮನೆಯ ಮೌಸಿಗೆ ಅದರಿಂದ ತೊಂದರೆಯಿಲ್ಲ. ರಾತ್ರಿಯಿಡೀ ಗಂಟೆಗೊಮ್ಮೆ ಅಳತೆ ಕಳಿಸುವ ಉಪಕರಣಕ್ಕೆ ಮಾತ್ರ ಅದು ಮುಖದ ಮೇಲೆ ಬಾಗಿಲು ಹಾಕಿದಂತೆ.

ಹೊಸ ಕಂಪ್ಯೂಟರಿನಲ್ಲಿ ಹಳೆಯ ಕಿಂಡಿ ಇಲ್ಲದ್ದಕ್ಕೆ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಪರಿಹಾರ ಸಿಗುತ್ತದೆ: ಒಂದು ತುದಿಯಲ್ಲಿ ಯುಎಸ್‌ಬಿ, ಇನ್ನೊಂದರಲ್ಲಿ ಒಂಬತ್ತು ಪಿನ್ನು ಇರುವ ಗೇಣುದ್ದದ ಪರಿವರ್ತಕ. ಕೆಲವು ನೂರು ರೂಪಾಯಿಯದು. ಲಕ್ಷಾಂತರ ರೂಪಾಯಿಯ ಯಂತ್ರದ ಮಾನ ಈ ತುಂಡಿನ ಮೇಲೆ ನಿಂತಿರುತ್ತದೆ.

ಅದರೊಳಗಿನ ಚಿಪ್ಪುಗಳಲ್ಲಿ ಹೆಸರುವಾಸಿಯಾದದ್ದು ಸ್ಕಾಟ್ಲೆಂಡಿನ ಎಫ್‌ಟಿಡಿಐ ಕಂಪನಿಯದು. ಹೆಸರುವಾಸಿಯಾದ್ದರಿಂದಲೇ ನಕಲಿಗಳೂ ಹೇರಳ. 2014ರ ಅಕ್ಟೋಬರಿನಲ್ಲಿ ಈ ಕಂಪನಿ ಹೊಸ ಡ್ರೈವರ್, ಅಂದರೆ ಚಿಪ್ಪಿಗೂ ವಿಂಡೋಸಿಗೂ ನಡುವಿನ ದುಭಾಷಿ ತಂತ್ರಾಂಶವನ್ನು ಹೊರತಂದಿತು. ವಿಂಡೋಸ್ ಅಪ್‌ಡೇಟ್ ಅದನ್ನು ಜಗತ್ತಿನಾದ್ಯಂತ ಕಂಪ್ಯೂಟರುಗಳಿಗೆ ತಾನಾಗಿಯೇ ಹಂಚಿತು. ಆ ಡ್ರೈವರ್ ನಕಲಿ ಚಿಪ್ಪು ಕಂಡರೆ ಅದರೊಳಗೆ ಬರೆದಿದ್ದ ಗುರುತಿನ ಸಂಖ್ಯೆಯನ್ನೇ ಅಳಿಸಿ ಸೊನ್ನೆ ಮಾಡಿಬಿಡುತ್ತಿತ್ತು. ಆಮೇಲೆ ಯಾವ ಕಂಪ್ಯೂಟರಿಗೆ ಸಿಕ್ಕಿಸಿದರೂ ಅದು ಯಾರೆಂದು ಗೊತ್ತಾಗದು. ರಾತ್ರಿ ಚೆನ್ನಾಗಿದ್ದ ಉಪಕರಣ ಬೆಳಗಾಗುವಷ್ಟರಲ್ಲಿ ಅನಾಮಧೇಯ. ಕೊಂಡವರಿಗೆ ತಮ್ಮ ಕೇಬಲ್ಲಿನೊಳಗೆ ನಕಲಿ ಚಿಪ್ಪಿದೆ ಎಂಬುದೇ ಗೊತ್ತಿರಲಿಲ್ಲ. ಕಳ್ಳಮಾಲು ಮಾರಿದವನನ್ನು ಬಿಟ್ಟು ಕೊಂಡವನ ಕೈ ಮುರಿದಂತಾಯಿತು ಎಂದು ದೊಡ್ಡ ಗದ್ದಲವೆದ್ದು, ಆ ಡ್ರೈವರನ್ನು ಹಿಂತೆಗೆದುಕೊಳ್ಳಲಾಯಿತು. ಇನ್ನೊಂದು ಜನಪ್ರಿಯ ಚಿಪ್ಪಿನ ತಯಾರಕರಾದ ಪ್ರೊಲಿಫಿಕ್‌ನವರು ಇಷ್ಟು ಉಗ್ರರಲ್ಲ. ಅವರ ಹಳೆಯ ಚಿಪ್ಪನ್ನು ವಿಂಡೋಸ್ 11ಕ್ಕೆ ಸಿಕ್ಕಿಸಿದರೆ, ಇದನ್ನು 2012ರಿಂದ ನಿಲ್ಲಿಸಿದ್ದೇವೆ, ಮಾರಿದವರನ್ನು ಕೇಳಿ ಎಂಬರ್ಥದ ಸಾಲೊಂದು ವಿಂಡೋಸಿನ ಉಪಕರಣಗಳ ಪಟ್ಟಿಯಾದ ಡಿವೈಸ್ ಮ್ಯಾನೇಜರಿನಲ್ಲಿ ಮೂಡುತ್ತದೆ. ಅದನ್ನು ಓದದೆ ಇಡೀ ತಂತ್ರಾಂಶವನ್ನು ಮೂರು ಸಲ ಮರುಸ್ಥಾಪಿಸಿದವರು ಎಷ್ಟಿದ್ದಾರೋ!

ಪರಿವರ್ತಕ ಅಸಲಿಯೇ ಆಗಿದ್ದರೂ ಇನ್ನೊಂದು ತಕರಾರಿದೆ. ವಿಂಡೋಸ್ ಪ್ರತಿ ಕಿಂಡಿಗೂ ಒಂದು ಕಾಮ್ ನಂಬರು ಕೊಡುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ಯಂತ್ರ ಕಾಮ್ 1ರಲ್ಲಿತ್ತು. ಪರಿವರ್ತಕ ಬಂದ ಮೇಲೆ ಅದು ಕಾಮ್ 5 ಆಗಬಹುದು, ಬೇರೆ ಯುಎಸ್‌ಬಿ ಕಿಂಡಿಗೆ ಬದಲಿಸಿದರೆ ಕಾಮ್ 11. ಹಳೆಯ ತಂತ್ರಾಂಶಗಳಲ್ಲಿ ಹಲವಕ್ಕೆ ಕಾಮ್ 4ರಿಂದ ಆಚೆಗೆ ಲೋಕವೇ ಇಲ್ಲ. ಕಾಮ್ 9ರವರೆಗೆ ಹೋಗಬಲ್ಲವೂ ಹತ್ತಕ್ಕೆ ಎಡವುತ್ತವೆ, ಏಕೆಂದರೆ ಎರಡಂಕಿಯ ಕಿಂಡಿಗಳನ್ನು ವಿಂಡೋಸಿನಲ್ಲಿ ಬೇರೆಯದೇ ರೀತಿಯಲ್ಲಿ ಹೆಸರಿಸಿ ಕರೆಯಬೇಕು. ಮನೆ ನಂಬರು ಬದಲಾದದ್ದು ಅಂಚೆಯವನಿಗೆ ತಿಳಿಯದ ಕಥೆ ಇದು. ಡಿವೈಸ್ ಮ್ಯಾನೇಜರಿಗೆ ಹೋಗಿ ನಂಬರನ್ನು ಹಳೆಯದಕ್ಕೇ ಮರಳಿಸಿದರೆ ಎರಡು ನಿಮಿಷದಲ್ಲಿ ಮುಗಿಯುವ ಕೆಲಸ. ಅದು ಹೊಳೆಯಲು ಎರಡು ದಿನ ಹಿಡಿಯುವುದೂ ಉಂಟು.

ಭೌತಶಾಸ್ತ್ರದ ಲ್ಯಾಬುಗಳಲ್ಲಿ ಇನ್ನೊಂದು ಮನೆತನವಿದೆ. ಹ್ಯೂಲೆಟ್ ಪ್ಯಾಕರ್ಡ್ ಕಂಪನಿ 1960ರ ದಶಕದ ಕೊನೆಗೆ ತನ್ನ ಉಪಕರಣಗಳಿಗಾಗಿ ರೂಪಿಸಿದ, 1975ರಲ್ಲಿ ಐಇಇಇ-488 ಎಂಬ ಮಾನಕವಾದ ಜಿಪಿಐಬಿ. ಹೆಬ್ಬೆರಳಿನಷ್ಟು ದಪ್ಪ ಕೇಬಲ್ಲು, ಒಂದರ ಬೆನ್ನಿಗೊಂದು ಪೇರಿಸಬಹುದಾದ ಕನೆಕ್ಟರು. ಒಂದೇ ಸಾಲಿನಲ್ಲಿ 15 ಸಾಧನಗಳವರೆಗೆ ಕೂರಿಸಬಹುದು, ಕೇಬಲ್ಲಿನ ಒಟ್ಟು ಉದ್ದ 20 ಮೀಟರ್ ಮೀರಬಾರದು. ಇದರ ತಾಪತ್ರಯ ಕಂಪ್ಯೂಟರಿನೊಳಗೆ ಹಾಕುವ ಕಾರ್ಡು. ಅದು ಕೂರುವ ಸ್ಲಾಟು ಮದರ್‌ಬೋರ್ಡಿನ ತಲೆಮಾರಿಗೊಮ್ಮೆ ಬದಲಾಗುತ್ತಾ ಬಂದಿದೆ. ಉಪಕರಣ ಮಾತ್ರ ಕಲ್ಲುಗುಂಡಿನ ಹಾಗೆ. ಇದರಲ್ಲೊಂದು ಸೊಗಸಿದೆ: 1987ರ ಪರಿಷ್ಕರಣೆಯ ನಂತರ ಬಂದ ಉಪಕರಣಗಳಿಗೆ 'ಐಡಿಎನ್' ಎಂಬ ಮೂರಕ್ಷರವನ್ನು ನಕ್ಷತ್ರ ಚಿಹ್ನೆ, ಪ್ರಶ್ನಾರ್ಥಕ ಸಮೇತ ಕಳಿಸಿದರೆ, ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆಗಳನ್ನು ಒಪ್ಪಿಸುತ್ತವೆ. ನೀನ್ಯಾರು ಎಂಬ ಪ್ರಶ್ನೆಗೆ ಉತ್ತರ ಬಂತೆಂದರೆ ತಂತಿ, ಕಾರ್ಡು, ಡ್ರೈವರು, ವಿಳಾಸ ಎಲ್ಲವೂ ಸರಿಯಿದೆ ಎಂದೇ ಅರ್ಥ. ಉಳಿದದ್ದು ಮೇಲಿನ ತಂತ್ರಾಂಶದ ಹಣೆಬರಹ.

ನೆಟ್‌ವರ್ಕಿನ ಕಾಲ ಬಂದ ಮೇಲೆ ಪಿನ್ನಿನ ಜಂಜಾಟ ಕಡಿಮೆಯಾಯಿತು, ಕಾವಲುಗಾರರು ಹೆಚ್ಚಿದರು. 2004ರ ಆಗಸ್ಟಿನಲ್ಲಿ ಬಂದ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಫೈರ್‌ವಾಲನ್ನು ತಾನಾಗಿಯೇ ಚಾಲೂ ಮಾಡಿತು. ಹೊರಗಿನಿಂದ ತಾವಾಗಿ ಬಂದು ಬಾಗಿಲು ತಟ್ಟುವವರಿಗೆ ಅಂದಿನಿಂದ ಪ್ರವೇಶ ನಿಷಿದ್ಧ, ಪರಿಚಯ ಮಾಡಿಕೊಟ್ಟವರ ಹೊರತು. ಇಂದಿಗೂ ದೊಡ್ಡ ಅಪ್‌ಡೇಟಿನ ನಂತರ ಇದೇ ಆಟ. ಇಂಟರ್ನೆಟ್ಟಿಲ್ಲದ, ಉಪಕರಣಕ್ಕೆಂದೇ ಮೀಸಲಾದ ಪುಟ್ಟ ನೆಟ್‌ವರ್ಕನ್ನು ಗುರುತು ಸಿಗದ್ದೆಂದು ತಿಳಿದು, ವಿಂಡೋಸ್ ಅದನ್ನು ರೈಲ್ವೆ ನಿಲ್ದಾಣದ ವೈಫೈ ಸಾಲಿಗೆ ಸೇರಿಸಿ ಬಾಗಿಲು ಬಿಗಿ ಮಾಡುತ್ತದೆ. ಲ್ಯಾಬಿನ ಮೂಲೆಯಲ್ಲಿ ವರ್ಷಗಳಿಂದ ಜೊತೆಗಿದ್ದ ಯಂತ್ರ ಅದರ ಕಣ್ಣಿಗೆ ಅಪರಿಚಿತ.

ಈ ಬಿಗಿಯನ್ನು ಶಪಿಸುವ ಮೊದಲು 2017ರ ಮೇ ತಿಂಗಳನ್ನು ನೆನೆಯಬೇಕು. ವನ್ನಾಕ್ರೈ ಎಂಬ ಕುತಂತ್ರಾಂಶ ಆಗ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳನ್ನು ತಲ್ಲಣಗೊಳಿಸಿತು. ಸಾವಿರಕ್ಕೂ ಹೆಚ್ಚು ರೋಗಪತ್ತೆ ಉಪಕರಣಗಳಿಗೆ ಸೋಂಕು ತಗುಲಿತು. ಅದು ನುಗ್ಗಿದ್ದು ಕಡತ ಹಂಚಿಕೆಗೆ ಬಳಸುವ ಎಸ್‌ಎಂಬಿ ಮೊದಲ ಆವೃತ್ತಿ ಎಂಬ ಹಳೆಯ ಬಾಗಿಲಿನಿಂದ. ಅದಕ್ಕೆ ಚಿಲಕ ಹಾಕುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ, ಮಾರ್ಚಿನಲ್ಲಿ ಕೊಟ್ಟಿತ್ತು. ಅಪ್‌ಡೇಟ್ ಮಾಡಿದರೆ ಯಂತ್ರ ನಿಂತೀತು ಎಂದು ಅಂಜಿ ಕೂತವರಲ್ಲಿ ಎಷ್ಟೋ ಮಂದಿ ಸಿಕ್ಕಿಬಿದ್ದರು. ಅದೇ ವರ್ಷದ ಅಕ್ಟೋಬರಿನಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಆ ಹಳೆಯ ಬಾಗಿಲನ್ನೇ ಇಡಲಿಲ್ಲ. ಸರಿಯೇ. ಆದರೆ ತಮ್ಮ ಫಲಿತಾಂಶಗಳನ್ನು ಆ ಬಾಗಿಲಿನಿಂದಲೇ ಹಂಚಿಕೆಯ ಫೋಲ್ಡರಿಗೆ ಎಸೆಯುತ್ತಿದ್ದ ಹಳೆಯ ಉಪಕರಣಗಳು ಗೋಡೆಗೆ ಎಸೆಯತೊಡಗಿದವು. ಮಾಡದಿದ್ದರೆ ಕಳ್ಳ, ಮಾಡಿದರೆ ಮೌನ. ಎರಡು ಯಂತ್ರಗಳ ತಂತ್ರಾಂಶಗಳು ನೆಟ್‌ವರ್ಕಿನಾಚೆ ಒಂದನ್ನೊಂದು ಕರೆಯಲು ಬಳಸುತ್ತಿದ್ದ ಡಿಕಾಮ್ ಎಂಬ ವ್ಯವಸ್ಥೆಗೂ ಇದೇ ಗತಿ. 2021ರಲ್ಲಿ ಎಚ್ಚರಿಕೆ ಕೊಟ್ಟು, 2022ರಲ್ಲಿ ಬಿಗಿ ಮಾಡಿ, 2023ರ ಮಾರ್ಚ್ 14ರಂದು ಸಡಿಲಿಸುವ ದಾರಿಯನ್ನೂ ಮುಚ್ಚಲಾಯಿತು. ಎಚ್ಚರಿಕೆ ಓದದವರಿಗೆ ಮಾರ್ಚ್ ಹದಿನೈದು ಕರಾಳ ದಿನ.

ಇಲ್ಲಿಯವರೆಗಿನದು ಮೌನದ ಕಥೆ. ಮೌನ ಒಂದು ಲೆಕ್ಕದಲ್ಲಿ ಪ್ರಾಮಾಣಿಕ, ಕೆಲಸ ನಿಂತಿರುವುದು ಎಲ್ಲರಿಗೂ ಕಾಣುತ್ತದೆ. ಆಸ್ಪತ್ರೆಯ ರಕ್ತಪರೀಕ್ಷಾ ಲ್ಯಾಬಿನಲ್ಲಿ ನಿದ್ದೆಗೆಡಿಸುವುದು ಮಾತು ನಡೆದೇ ಇದ್ದು ತಪ್ಪಾಗುವುದು.

ಅಲ್ಲಿ ವಿಶ್ಲೇಷಕ ಯಂತ್ರವೂ ಲ್ಯಾಬಿನ ಮಾಹಿತಿ ವ್ಯವಸ್ಥೆಯೂ ಮಾತಾಡುವ ಕ್ರಮವನ್ನು ಎಎಸ್‌ಟಿಎಂ ಎಂಬ ಸಂಸ್ಥೆಯ 1991ರ ಮಾನಕಗಳು ನಿಗದಿ ಮಾಡಿದವು. ಅದೊಂದು ಸಭ್ಯ ದೂರವಾಣಿ ಸಂಭಾಷಣೆ. ಯಂತ್ರ ಮೊದಲು ಐದನೇ ಸಂಖ್ಯೆಯ ಸಂಕೇತ ಕಳಿಸುತ್ತದೆ: 'ಹಲೋ, ಇದ್ದೀರಾ?' ಆ ಕಡೆಯಿಂದ ಆರನೆಯದು ಬರಬೇಕು: 'ಹ್ಞೂಂ, ಹೇಳಿ.' ಇಪ್ಪತ್ತೊಂದನೆಯದು ಬಂದರೆ 'ಈಗ ಆಗದು' ಅಥವಾ 'ಸರಿಯಾಗಿ ಕೇಳಿಸಲಿಲ್ಲ'. ಹದಿನೈದು ಸೆಕೆಂಡು ಉತ್ತರವಿಲ್ಲದಿದ್ದರೆ ಯಂತ್ರ ಫೋನು ಇಡುತ್ತದೆ. ಮಾತು ಶುರುವಾದರೆ ಒಂದೊಂದು ಸಾಲಿನ ಕೊನೆಗೂ ಆ ಸಾಲಿನ ಅಕ್ಷರಗಳ ಮೊತ್ತವನ್ನು ಕಿರಿದಾಗಿ ಹೇಳಬೇಕು. ಕೇಳಿಸಿಕೊಂಡವನು ತಾನೂ ಕೂಡಿ ನೋಡಿ, ತಾಳೆಯಾದರೆ ಮಾತ್ರ ಹ್ಞೂಂಗುಡುತ್ತಾನೆ. ತಾಳೆಯಾಗದಿದ್ದರೆ ಅದೇ ಸಾಲು ಮತ್ತೊಮ್ಮೆ, ಮಗದೊಮ್ಮೆ. ಆರು ಸಲಕ್ಕೂ ಆಗದಿದ್ದರೆ ಆ ಸಂದೇಶವನ್ನೇ ಕೈಬಿಡುವುದು.

ಹಳ್ಳಿಯ ಲೆಕ್ಕಪತ್ರದಷ್ಟು ಬಿಗಿಯಾದ ಈ ಕ್ರಮವೂ ತಂತಿಯ ಮೇಲಿನ ತಪ್ಪನ್ನು ಹಿಡಿಯುತ್ತದೆಯೇ ವಿನಾ ಅರ್ಥದ ತಪ್ಪನ್ನು ಹಿಡಿಯದು. ಹೊಸ ಆವೃತ್ತಿ ಸಾಲಿನ ನಡುವೆ ಒಂದು ಹೊಸ ಅಂಕಣ ಸೇರಿಸಿದರೆ, ಹಳೆಯದನ್ನೇ ನಂಬಿದ ಕಡೆಯವರು ಪಕ್ಕದ ಮನೆಯ ಅಂಕಿಯನ್ನು ತಂದು ಇಲ್ಲಿಡುತ್ತಾರೆ. ಮೈಕ್ರೋ ಎಂಬುದಕ್ಕೆ ಬಳಸುವ ಗ್ರೀಕ್ ಅಕ್ಷರ ಹಳೆಯ ಸಂಕೇತ ಪದ್ಧತಿಯಲ್ಲಿ ಒಂದೇ ಬೈಟು, ಯುಟಿಎಫ್-8ರಲ್ಲಿ ಎರಡು. ಎರಡೂ ಕಡೆಯ ಪದ್ಧತಿ ಬೇರೆಯಾದರೆ ಅದರ ಹಿಂದೆ ಟೋಪಿ ಹಾಕಿದ ಒಂದು ವಿಚಿತ್ರ ಅಕ್ಷರ ಬಂದು ಕೂರುತ್ತದೆ. ಅದನ್ನು ಕಂಡು ನಗಬಹುದು. ದಶಮಾಂಶದ ವಿಷಯದಲ್ಲಿ ನಗುವಂತಿಲ್ಲ. ಜರ್ಮನಿಯಲ್ಲಿ ಐದು ಪಾಯಿಂಟ್ ಆರನ್ನು ಬರೆಯುವುದು ಚುಕ್ಕೆಯಿಂದಲ್ಲ, ಅಲ್ಪವಿರಾಮದಿಂದ. ಕಂಪ್ಯೂಟರಿನ ಪ್ರದೇಶದ ಸೆಟ್ಟಿಂಗ್ ಅಪ್‌ಡೇಟಿನಲ್ಲಿ ಅದಲುಬದಲಾದರೆ ಅಲ್ಪವಿರಾಮವನ್ನು ಸಾವಿರದ ಗುರುತೆಂದು ತಿಳಿಯುವ ತಂತ್ರಾಂಶ 5,6 ಎಂಬುದನ್ನು 56 ಎಂದು ಓದಬಹುದು. ರಕ್ತದ ಪೊಟ್ಯಾಸಿಯಂ ವಿಷಯದಲ್ಲಿ ಮೊದಲನೆಯದು ವೈದ್ಯರ ಹುಬ್ಬೇರಿಸುವ ಅಂಕಿ, ಎರಡನೆಯದು ಅಸಾಧ್ಯ. ಅಸಾಧ್ಯವಾದ್ದು ಸಿಕ್ಕಿಬೀಳುತ್ತದೆ. ಸಾಧ್ಯವೆನಿಸುವ ತಪ್ಪು ಅಂಕಿ ರೋಗಿಯ ಕಡತಕ್ಕೆ ಹೋಗಿ ಕೂರುತ್ತದೆ. ಆದ್ದರಿಂದ ಒಳ್ಳೆಯ ಲ್ಯಾಬುಗಳಲ್ಲಿ ಅಪ್‌ಡೇಟಿನ ನಂತರ ಹಸಿರು ದೀಪ ಕಂಡ ಮಾತ್ರಕ್ಕೆ ಕೆಲಸ ಶುರು ಮಾಡುವುದಿಲ್ಲ. ಗೊತ್ತಿರುವ ಮಾದರಿಗಳನ್ನು ಓಡಿಸಿ, ಯಂತ್ರದ ಪರದೆಯ ಅಂಕಿಯನ್ನೂ ವರದಿಯ ಅಂಕಿಯನ್ನೂ ಒಬ್ಬರು ಓದಿ ಇನ್ನೊಬ್ಬರು ತಾಳೆ ನೋಡುತ್ತಾರೆ. ಬೇಸರದ ಕೆಲಸ. ಬೇಸರ ಎಂದು ಬಿಡುವವರಿಗೆ ರಕ್ತ ಕೊಡದಿರುವುದು ಮೇಲು.

ಪತ್ತೆದಾರಿಕೆಯ ಹತ್ಯಾರುಗಳು ದುಬಾರಿಯವೇನಲ್ಲ. ಸೀರಿಯಲ್ ಕೇಬಲ್ಲಿನ ಯಂತ್ರದ ಕಡೆಯ ತುದಿ ಕಳಚಿ, ಎರಡು ಮತ್ತು ಮೂರನೇ ಪಿನ್ನುಗಳನ್ನು ಒಂದು ತುಂಡು ತಂತಿಯಿಂದ ಕೂಡಿಸಿದರೆ, ಕಂಪ್ಯೂಟರು ಆಡಿದ ಮಾತು ಅದಕ್ಕೇ ಮರಳಿ ಕೇಳಬೇಕು. ಬಾವಿಯಲ್ಲಿ ಕೂಗಿದಂತೆ. ಪ್ರತಿಧ್ವನಿ ಬಂದರೆ ಕಿಂಡಿ, ಡ್ರೈವರು, ಕೇಬಲ್ಲು ನಿರಪರಾಧಿಗಳು. ನೆಟ್‌ವರ್ಕಿನಲ್ಲಾದರೆ ಕನೆಕ್ಟರಿನ ಪಕ್ಕದ ಪುಟ್ಟ ಹಸಿರು ದೀಪ, ಅದಾದ ಮೇಲೆ ಪಿಂಗ್, ಅಂದರೆ ಆ ಕಡೆ ಇದ್ದೀಯಾ ಎಂದು ಕೇಳುವ ಪುಟ್ಟ ಕೂಗು. ಇನ್ನೂ ಒಳಗೆ ಹೋಗಬೇಕೆಂದರೆ ತಂತಿಯ ಮೇಲೆ ಹರಿಯುವ ಒಂದೊಂದು ಪೊಟ್ಟಣವನ್ನೂ ಬಿಚ್ಚಿ ತೋರಿಸುವ ವೈರ್‌ಶಾರ್ಕ್ ಎಂಬ ಉಚಿತ ತಂತ್ರಾಂಶ. ಕೆಳಗಿನಿಂದ ಮೇಲಕ್ಕೆ, ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಾ ಹೋಗಬೇಕು. ಇದನ್ನು ಹೇಳುವುದು ಸುಲಭ. ಮ್ಯಾನೇಜರು ಹಿಂದೆ ನಿಂತು ಗಡಿಯಾರ ನೋಡುತ್ತಿರುವಾಗ ಕೇಬಲ್ಲು, ಡ್ರೈವರು, ಸೆಟ್ಟಿಂಗು ಮೂರನ್ನೂ ಒಟ್ಟಿಗೆ ಬದಲಿಸುವ ಆಸೆ ತಡೆಯುವುದು ಕಷ್ಟ. ಮೂರನ್ನೂ ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು. ಸರಿಹೋಗದಿದ್ದರೆ ಮೊದಲಿದ್ದ ಒಂದು ತಪ್ಪಿನ ಜೊತೆಗೆ ಹೊಸದೆರಡು.

ಕೈಯಿಟ್ಟು ಕೇಬಲ್ಲು ಅಲುಗಾಡಿಸಲಾಗದ ಲ್ಯಾಬೂ ಒಂದಿತ್ತು. 1976ರ ಜುಲೈ 20ರಂದು ನಾಸಾದ ವೈಕಿಂಗ್-1 ನೌಕೆ ಮಂಗಳದ ಕ್ರೈಸೆ ಬಯಲಿನಲ್ಲಿ ಇಳಿಯಿತು. ಅದರ ಹೊಟ್ಟೆಯಲ್ಲಿ ಅಚ್ಚುಕಟ್ಟಾದ ಪ್ರಯೋಗಾಲಯ: ಮಣ್ಣು ಬಾಚುವ ಕೈ, ಜೀವದ ಸುಳಿವು ಹುಡುಕುವ ಮೂರು ಪ್ರಯೋಗಗಳು, ಒಂದು ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಮಾಸ್ ಸ್ಪೆಕ್ಟ್ರೋಮೀಟರ್. ಇಂದು ಬೆಂಗಳೂರಿನ ಯಾವ ಒಳ್ಳೆಯ ಲ್ಯಾಬಿನಲ್ಲೂ ಕಾಣಸಿಗುವ ಯಂತ್ರದ ಅಣ್ಣ ಅದು. ತೊಂಬತ್ತು ದಿನಕ್ಕೆಂದು ಕಟ್ಟಿದ ನೌಕೆ ಆರು ವರ್ಷ ದಾಟಿ ಬಾಳಿತು. ಬ್ಯಾಟರಿಗಳು ಸವೆಯತೊಡಗಿದ್ದವು. ಅವನ್ನು ಚಾರ್ಜು ಮಾಡುವ ಕ್ರಮ ಸುಧಾರಿಸಲೆಂದು 1982ರ ನವೆಂಬರಿನಲ್ಲಿ ಭೂಮಿಯಿಂದ ಹೊಸ ತಂತ್ರಾಂಶ ಕಳಿಸಿದರು. ಆ ಆದೇಶದಲ್ಲಿ ದೋಷವಿತ್ತು. ನೌಕೆಯ ನೆನಪಿನಲ್ಲಿ ಆಂಟೆನಾವನ್ನು ಭೂಮಿಯತ್ತ ತಿರುಗಿಸಲು ಬೇಕಾದ ಮಾಹಿತಿ ಇದ್ದ ಜಾಗದ ಮೇಲೆಯೇ ಹೊಸದು ಬರೆಯಲ್ಪಟ್ಟಿತು. ಆಂಟೆನಾ ಮುಖ ತಿರುಗಿಸಿತು. ಅದು ಯಾವ ಕಡೆಗೆ ತಿರುಗಿರಬಹುದೆಂದು ಲೆಕ್ಕ ಹಾಕಿ ನಾಲ್ಕು ತಿಂಗಳು ಕರೆದರು. ಉತ್ತರ ಬರಲಿಲ್ಲ. ಬ್ಯಾಟರಿಗೆ ಹಾಕಹೊರಟ ಮದ್ದು ಬಾಯಿ ಕಟ್ಟಿತ್ತು.

ಭೂಮಿಯ ಮೇಲಿನ ಔಷಧ ಕಾರ್ಖಾನೆಗಳಲ್ಲಿ ಇಷ್ಟು ದೂರದ ಅಡ್ಡಿಯಿಲ್ಲ, ಕಾಗದದ ಅಡ್ಡಿಯಿದೆ. ಅಮೆರಿಕಕ್ಕೆ ಮಾತ್ರೆ ಕಳಿಸುವವರು ಅಲ್ಲಿನ ಔಷಧ ನಿಯಂತ್ರಕರು 1997ರಲ್ಲಿ ತಂದ ವಿದ್ಯುನ್ಮಾನ ದಾಖಲೆಗಳ ನಿಯಮಕ್ಕೆ ಬದ್ಧರು. ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದಕ್ಕೆ ಅಳಿಸಲಾಗದ ದಾಖಲೆ ಇರಬೇಕು. ಕಾಮ್ ನಂಬರು ಬದಲಿಸಲೂ ಅರ್ಜಿ, ಅನುಮೋದನೆ, ಸಹಿ. ಸರ್ವಿಸ್ ಇಂಜಿನಿಯರುಗಳು ಇದನ್ನು ಬೈಯುತ್ತಾರೆ. ಆದರೆ ಹಿಂದಿನ ಸೆಟ್ಟಿಂಗ್ ಏನಿತ್ತೆಂದು ಹುಡುಕುವ ದಿನ ಅವರೇ ಮೊದಲು ಕೇಳುವುದೂ ಈ ಫೈಲನ್ನೇ.

ಆ ಸೋಮವಾರಕ್ಕೆ ಮರಳೋಣ. ಹತ್ತೂವರೆಗೆ ಇಂಜಿನಿಯರು ಬಂದರು. ಕೇಬಲ್ಲಿನ ಹಸಿರು ದೀಪ ಉರಿಯುತ್ತಿತ್ತು. ಪಿಂಗ್ ಮಾಡಿದರೆ ಉತ್ತರವಿಲ್ಲ. ಲ್ಯಾಪ್‌ಟಾಪ್ ತೆರೆಯುವ ಮೊದಲು ಅವರು ಕುರ್ಚಿ ಎಳೆದುಕೊಂಡು ಕೂತರು.

"ಮೇಡಂ, ಶುಕ್ರವಾರದಿಂದ ಈಚೆಗೆ ಏನಾದ್ರೂ ಚೇಂಜ್ ಮಾಡಿದ್ರಾ?"

"ಏನೂ ಇಲ್ಲ ಸರ್. ಎರಡು ದಿನ ರಜ."

"ಹೋಗೋವಾಗ ಮಷೀನ್ ಆಫ್ ಮಾಡಿ ಹೋದ್ರಾ?"

"ಹೌದು ಸರ್, ವೀಕೆಂಡಿಗೆ ಯಾವಾಗ್ಲೂ ಆಫ್ ಮಾಡ್ತೀವಲ್ಲ."

ಇಂಜಿನಿಯರು ನಕ್ಕರು. ಈ ಯಂತ್ರದ ನೆಟ್‌ವರ್ಕ್ ಕಾರ್ಡಿಗೆ ತನ್ನ ಐಪಿ ವಿಳಾಸ ನೆನಪಿರುವುದಿಲ್ಲ. ಪ್ರತಿ ಸಲ ಕರೆಂಟು ಬಂದಾಗಲೂ ಅದು ತಂತಿಯ ಮೇಲೆ ಎಲ್ಲರಿಗೂ ಕೇಳುವಂತೆ ಕೂಗುತ್ತದೆ: ನನ್ನ ವಿಳಾಸ ಏನು? 1985ರಲ್ಲಿ ರೂಪುಗೊಂಡ ಬೂಟ್‌ಪಿ ಎಂಬ ಈ ಪದ್ಧತಿಯಲ್ಲಿ, ಅದೇ ನೆಟ್‌ವರ್ಕಿನ ಒಂದು ಕಂಪ್ಯೂಟರು ತನ್ನ ಪಟ್ಟಿ ನೋಡಿ, ಇಂಥ ಕಾರ್ಡಿಗೆ ಇಂಥ ವಿಳಾಸ ಎಂದು ಉತ್ತರಿಸಬೇಕು. ಆ ಪಟ್ಟಿ ಇದ್ದದ್ದು ಗುರುವಾರ ಎತ್ತಿಕೊಂಡು ಹೋದ ಹಳೆಯ ಕಂಪ್ಯೂಟರಿನಲ್ಲಿ. ಶುಕ್ರವಾರ ಸಂಜೆಯವರೆಗೆ ಯಂತ್ರ ಆಫ್ ಆಗಿರಲಿಲ್ಲ, ಹಳೆಯ ಕಂಪ್ಯೂಟರಿನಿಂದ ಸಿಕ್ಕಿದ್ದ ವಿಳಾಸವನ್ನೇ ಹಿಡಿದುಕೊಂಡು ಹೊಸ ಯಜಮಾನನ ಜೊತೆ ದಿನವಿಡೀ ಮಾತಾಡಿತ್ತು. ಸೋಮವಾರ ಎಚ್ಚರವಾದಾಗ ಮತ್ತೆ ಕೇಳಿತು. ವೈರ್‌ಶಾರ್ಕಿನಲ್ಲಿ ಆ ಕೂಗು ಸಾಲುಸಾಲಾಗಿ ಕಾಣುತ್ತಿತ್ತು. ಬೆಳಿಗ್ಗೆ ಎಂಟೂವರೆಯಿಂದ ಅದು ಸುಮ್ಮನಿರಲೇ ಇಲ್ಲ, ಕೇಳಿಸಿಕೊಳ್ಳುವವರು ಇರಲಿಲ್ಲ.

ಹೊಸ ಕಂಪ್ಯೂಟರಿನಲ್ಲಿ ಆ ಸೇವೆಯನ್ನು ಸ್ಥಾಪಿಸಿ, ಫೈರ್‌ವಾಲಿನಲ್ಲಿ 67 ಮತ್ತು 68ನೇ ಪೋರ್ಟುಗಳಿಗೆ ದಾರಿ ಬಿಟ್ಟದ್ದಾಯಿತು. ಕಾರ್ಡಿನ ಹನ್ನೆರಡು ಅಕ್ಷರದ ಗುರುತು ಯಂತ್ರದ ಬೆನ್ನಿನಲ್ಲಿ, ಗೋಡೆಯ ಕಡೆಗೆ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿತ್ತು. ಮೊಬೈಲ್ ಟಾರ್ಚು ಹಿಡಿದು ಅನಲಿಸ್ಟ್ ಓದಿದರು, ಇಂಜಿನಿಯರು ಟೈಪಿಸಿದರು. ಎಂಟು ಎಂದು ಓದಿದ್ದು ಬಿ ಆಗಿದ್ದರಿಂದ ಒಂದು ಸಲ ತಪ್ಪಿತು. ಎರಡನೇ ಸಲಕ್ಕೆ ಕೆಂಪು ಪಟ್ಟಿ ಹೋಗಿ ಪಂಪಿನ ಒತ್ತಡದ ಗೆರೆ ಪರದೆಯ ಮೇಲೆ ಓಡತೊಡಗಿತು. ಮತ್ತೆ ಹುಡುಕುವ ಪಾಡು ಬೇಡವೆಂದು ಇಂಜಿನಿಯರು ಆ ಗುರುತನ್ನೂ ಐಪಿ ವಿಳಾಸವನ್ನೂ ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಯಂತ್ರದ ಎದುರಿಗೇ ಅಂಟಿಸಿ ಹೊರಟರು.

ಮಧ್ಯಾಹ್ನ ಗುಣಮಟ್ಟ ಖಾತರಿಯ ಕ್ಯೂಎ ವಿಭಾಗದವರು ಬಂದು, ಈ ಚೀಟಿಗೆ ಡಾಕ್ಯುಮೆಂಟ್ ನಂಬರ್ ಎಲ್ಲಿ ಎಂದು ಕೇಳಿದರು.